ಸಕ್ಕರೆಯ ಕವಚದ ಬೆನ್ನು ಹತ್ತಿದ ಆಸ್ವಾಲ್ಡ್ ಏವರಿ

ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಆಸ್ವಾಲ್ಡ್ ಏವರಿ ಎಂಬ ಹೆಸರು ಒಂದು ಪ್ಯಾರಾದಲ್ಲಿ ಬಂದು ಹೋಗುತ್ತದೆ. ತಂದೆ ತಾಯಿಯ ಗುಣಗಳನ್ನು ಮಕ್ಕಳಿಗೆ ಸಾಗಿಸುವ ವಸ್ತು ಡಿಎನ್‌ಎ ಎಂದು ತೋರಿಸಿದವರಲ್ಲಿ ಒಬ್ಬರು ಎಂದು ಗೆರೆ ಎಳೆದುಕೊಂಡು, ಪರೀಕ್ಷೆಯಲ್ಲಿ ಬರೆದು, ಮರೆತು ಮುಂದೆ ಸಾಗುತ್ತೇವೆ. ಆದರೆ ಅವರು ಡಿಎನ್‌ಎಯನ್ನು ಹುಡುಕಿಕೊಂಡು ಹೊರಟವರಲ್ಲ. ಒಂದು ರೋಗಾಣು ತನ್ನ ಮೈಮೇಲೆ ಹೊದ್ದುಕೊಳ್ಳುವ ಸಕ್ಕರೆಯ ಕವಚವನ್ನು ಅರ್ಥ ಮಾಡಿಕೊಳ್ಳಲು ಮೂವತ್ತೈದು ವರ್ಷ ಒಂದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕುಳಿತವರು. ಆ ದುಡಿಮೆಯ ಫಲ ಇಂದು ನಮ್ಮೂರ ಅಂಗನವಾಡಿಯವರೆಗೂ ಬಂದಿದೆ. ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡು ಎಂದು ಗುರುಗಳು ಕೇಳಿದಾಗ, ನನ್ನ ಕಸುಬಾದ ಕಂಪ್ಯೂಟರಿನ ಬಗ್ಗೆ ಬರೆಯುವುದಕ್ಕಿಂತ ಈ ಮನುಷ್ಯನ ಬಗ್ಗೆ ಬರೆಯುವುದೇ ಮೇಲು ಅನ್ನಿಸಿತು.

ಏವರಿ ಹುಟ್ಟಿದ್ದು 1877ರ ಅಕ್ಟೋಬರ್ 21ರಂದು, ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ಎಂಬ ಬಂದರು ಊರಿನಲ್ಲಿ. ತಂದೆ ಕ್ರೈಸ್ತ ಪಾದ್ರಿ. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ಕುಟುಂಬ ನ್ಯೂಯಾರ್ಕಿಗೆ ಬಂತು. ಬಡ ವಲಸಿಗರು, ಹಡಗಿನ ಕೂಲಿಗಳು ಕಿಕ್ಕಿರಿದು ಬದುಕುತ್ತಿದ್ದ ಬೀದಿಯ ಚರ್ಚಿನಲ್ಲಿ ತಂದೆಗೆ ಕೆಲಸ. ಆಸ್ವಾಲ್ಡ್ ಮತ್ತು ಅಣ್ಣ ಅರ್ನೆಸ್ಟ್ ಕಾರ್ನೆಟ್ ಎಂಬ ತುತ್ತೂರಿಯಂಥ ವಾದ್ಯ ಕಲಿತು, ಭಾನುವಾರಗಳಂದು ಚರ್ಚಿನ ಮುಂದೆ ನಿಂತು ನುಡಿಸಿ ಜನರನ್ನು ಕರೆಯುತ್ತಿದ್ದರು. 1892ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ, ಅಣ್ಣನೂ ತಂದೆಯೂ ತೀರಿಕೊಂಡರು. ಹದಿನಾಲ್ಕು ವರ್ಷದ ಆಸ್ವಾಲ್ಡ್‌ಗೆ ಉಳಿದದ್ದು ತಾಯಿ ಮತ್ತು ಇನ್ನೂ ಚಿಕ್ಕವನಾಗಿದ್ದ ತಮ್ಮ ರಾಯ್.

ಮುಂದೆ ಕೋಲ್ಗೇಟ್ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ಹೆಚ್ಚಾಗಿ ಸಾಹಿತ್ಯ ಮತ್ತು ಭಾಷಣ ಕಲೆ. ಕಾಲೇಜಿನ ವಾದ್ಯ ತಂಡಕ್ಕೆ ಅವರೇ ನಾಯಕ. 1900ರಲ್ಲಿ ಪದವಿ ಮುಗಿಸಿದ ಮೇಲೆ ಇದ್ದಕ್ಕಿದ್ದಂತೆ ವೈದ್ಯಕೀಯದ ಕಡೆ ತಿರುಗಿ, 1904ರಲ್ಲಿ ಕೊಲಂಬಿಯಾದಿಂದ ಡಾಕ್ಟರ್ ಆಗಿ ಹೊರಬಂದರು. ಕೆಲ ಕಾಲ ರೋಗಿಗಳನ್ನು ನೋಡಿದರು. ಎದೆಯ ರೋಗದಿಂದ ನರಳುವವರಿಗೆ ಕೊಡಲು ಕೈಯಲ್ಲಿ ಔಷಧವೇ ಇಲ್ಲದ ಕಾಲ ಅದು. ಆ ಅಸಹಾಯಕತೆ ಅವರಿಗೆ ಹಿಡಿಸಲಿಲ್ಲ. 1907ರಲ್ಲಿ ಬ್ರೂಕ್ಲಿನ್‌ನ ಹೋಗ್ಲೆಂಡ್ ಪ್ರಯೋಗಾಲಯ ಸೇರಿ ಸೂಕ್ಷ್ಮಜೀವಿಗಳ ಅಭ್ಯಾಸಕ್ಕೆ ತೊಡಗಿದರು. ಅಲ್ಲಿ ಅವರು ಮೊದಲು ಕೈಹಾಕಿದ ಕೆಲಸ ಹಾಲು ಹೆಪ್ಪಾಗಿಸುವ ಬ್ಯಾಕ್ಟೀರಿಯಾಗಳ ಬಗ್ಗೆ. ನಮ್ಮ ಮನೆಗಳಲ್ಲಿ ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ಮೊಸರು ತೆಗೆಯುವಾಗ ನಡೆಯುವ ಕೆಲಸವೇ ಅದು. ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳುತ್ತಿದ್ದ ರೀತಿಗೆ ಮಾರುಹೋಗಿ ಎಲ್ಲರೂ ಪ್ರೊಫೆಸರ್ ಎಂಬುದನ್ನು ಮೊಟಕು ಮಾಡಿ ಫೆಸ್ ಎಂದು ಕರೆಯತೊಡಗಿದರು. ಆ ಹೆಸರು ಕೊನೆಯವರೆಗೂ ಉಳಿಯಿತು.

1913ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆ ಅವರನ್ನು ಕರೆಯಿತು. ಅಲ್ಲಿ ನಡೆಯುತ್ತಿದ್ದ ದೊಡ್ಡ ಕೆಲಸ ನ್ಯುಮೋನಿಯಾ ರೋಗಕ್ಕೆ ಮದ್ದು ಹುಡುಕುವುದು. ಆಗ ಅಮೆರಿಕದಲ್ಲಿ ಅತಿ ಹೆಚ್ಚು ಜೀವ ತೆಗೆಯುತ್ತಿದ್ದ ರೋಗಗಳಲ್ಲಿ ಅದೂ ಒಂದು. ಈ ರೋಗದ ಮುಖ್ಯ ಕಾರಣ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೆರಡು ಕಾಳುಗಳು ಜೋಡಿಯಾಗಿ ಕೂತಂತೆ, ಸುತ್ತಲೂ ತಿಳಿಯಾದ ಒಂದು ಅಂಚು. ಆ ಅಂಚೇ ಕವಚ. ನಮ್ಮ ರಕ್ತದ ಬಿಳಿ ಕಣಗಳು ರೋಗಾಣುವನ್ನು ಹಿಡಿದು ನುಂಗಬೇಕು. ಆದರೆ ಕವಚವಿರುವ ರೋಗಾಣು ಬಿಳಿ ಕಣದ ಹಿಡಿತಕ್ಕೆ ಸುಲಭವಾಗಿ ಸಿಗುವುದಿಲ್ಲ. ಕವಚ ಕಳೆದುಕೊಂಡ ನ್ಯುಮೋಕಾಕಸ್ ಅನ್ನು ಇಲಿಗೆ ಚುಚ್ಚಿದರೆ ಇಲಿಗೆ ಏನೂ ಆಗುವುದಿಲ್ಲ. ಅಂದರೆ ರೋಗ ತರುವ ಶಕ್ತಿಯೆಲ್ಲ ಹೊದಿಕೆಯನ್ನು ಅವಲಂಬಿಸಿದೆ.

ಇನ್ನೊಂದು ತೊಡಕೂ ಇತ್ತು. ನ್ಯುಮೋಕಾಕಸ್‌ಗಳಲ್ಲಿ ಬೇರೆ ಬೇರೆ ಬಗೆಗಳಿದ್ದವು. ಒಂದನೇ ಬಗೆಯ ರೋಗಾಣುವನ್ನು ಕುದುರೆಗೆ ಚುಚ್ಚಿ ಪಡೆದ ಸೀರಂ ಒಂದನೇ ಬಗೆಯ ರೋಗಿಗೆ ಮಾತ್ರ ಉಪಯೋಗ. ಎರಡನೇ ಬಗೆಯವನಿಗೆ ಅದನ್ನು ಕೊಟ್ಟರೆ ನೀರು ಕೊಟ್ಟಂತೆ. ಆದ್ದರಿಂದ ರೋಗಿ ಬಂದ ಕೂಡಲೇ ಅವನಿಗೆ ಹಿಡಿದದ್ದು ಯಾವ ಬಗೆ ಎಂದು ತಿಳಿಯಬೇಕಿತ್ತು. 1917ರಲ್ಲಿ ಏವರಿ ಮತ್ತು ಅವರ ಗೆಳೆಯ ಆಲ್ಫಾನ್ಸ್ ಡೋಚೆಜ್ ಒಂದು ವಿಷಯ ಕಂಡುಕೊಂಡರು. ರೋಗಾಣು ಬೆಳೆಯುವಾಗ ಅದರ ಮೈಯಿಂದ ಕರಗಿ ಬರುವ ಒಂದು ವಸ್ತು ರೋಗಿಯ ರಕ್ತದಲ್ಲೂ ಮೂತ್ರದಲ್ಲೂ ಸಿಗುತ್ತದೆ, ಮತ್ತು ಅದು ಬಗೆಯಿಂದ ಬಗೆಗೆ ಬೇರೆ. ಮೂತ್ರ ಪರೀಕ್ಷೆಯಿಂದಲೇ ಬಗೆ ತಿಳಿಯುವ ದಾರಿ ತೆರೆಯಿತು.

ಆ ವಸ್ತು ಯಾವುದು? ದೇಹದ ರೋಗನಿರೋಧಕ ಶಕ್ತಿ ಗುರುತು ಹಿಡಿಯುವುದು ಪ್ರೊಟೀನನ್ನು ಮಾತ್ರ ಎಂದು ಆಗಿನ ಪಂಡಿತರೆಲ್ಲ ನಂಬಿದ್ದರು. ಏವರಿಗೆ ರಸಾಯನಶಾಸ್ತ್ರದ ಆಳವಾದ ತರಬೇತಿ ಇರಲಿಲ್ಲ. ಹೀಗಾಗಿ ಅದೇ ಸಂಸ್ಥೆಯ ಯುವ ರಸಾಯನಶಾಸ್ತ್ರಜ್ಞ ಮೈಕೆಲ್ ಹೈಡೆಲ್‌ಬರ್ಗರ್ ಬೆನ್ನು ಬಿದ್ದರು. ಕೊನೆಗೂ ಹೈಡೆಲ್‌ಬರ್ಗರ್ ಒಪ್ಪಿ ಆ ವಸ್ತುವನ್ನು ಶುದ್ಧ ಮಾಡುತ್ತ ಹೋದಂತೆ ಅದರಲ್ಲಿನ ಸಾರಜನಕ ಕಡಿಮೆಯಾಗುತ್ತ ಬಂತು. ಪ್ರೊಟೀನಿನಲ್ಲಿ ಸಾರಜನಕ ಇರಲೇಬೇಕು. 1923ರಲ್ಲಿ ಇಬ್ಬರೂ ಪ್ರಕಟಿಸಿದ ಫಲಿತಾಂಶ ಎಲ್ಲರನ್ನೂ ಅಚ್ಚರಿಗೆ ಕೆಡವಿತು. ಆ ವಸ್ತು ಪ್ರೊಟೀನ್ ಅಲ್ಲ, ಸಕ್ಕರೆಯ ಉದ್ದನೆಯ ಸರಪಳಿ.

ಸಕ್ಕರೆ ಎಂದರೆ ಕೊಟ್ಟೂರು ಜಾತ್ರೆಯ ಬೆಂಡು ಬತ್ತಾಸು ಮಾತ್ರ ಅಲ್ಲ. ಸಕ್ಕರೆಯ ಕಣಗಳು ಸಾಲಾಗಿ ಕೂಡಿಕೊಂಡರೆ ಅದರ ಸ್ವಭಾವವೇ ಬದಲಾಗುತ್ತದೆ. ನಮ್ಮ ಹೊಲದ ಹತ್ತಿಯ ನೂಲು ಗ್ಲೂಕೋಸ್ ಕಣಗಳ ಸರಪಳಿ. ಜೋಳದ ದಂಟಿಗೆ ಗಟ್ಟಿತನ ಕೊಡುವುದೂ ಅಂಥದ್ದೇ ಸರಪಳಿ. ನ್ಯುಮೋಕಾಕಸ್ಸಿನ ಮೂರನೇ ಬಗೆಯ ಕವಚದಲ್ಲಿ ಎರಡು ಬಗೆಯ ಕಣಗಳಿವೆ. ಒಂದು ಗ್ಲೂಕೋಸ್, ಇನ್ನೊಂದು ಅದರ ಮಾರ್ಪಾಡಾದ ಗ್ಲುಕುರಾನಿಕ್ ಆಮ್ಲ. ಹಡಗಲಿಯ ಹೂವಾಡಗಿತ್ತಿ ಒಂದು ಮಲ್ಲಿಗೆ, ಒಂದು ಕನಕಾಂಬರ ಎಂದು ಒಂದಾದ ಮೇಲೊಂದು ಕಟ್ಟಿದ ಮಾಲೆಯಂತೆ ಇವೆರಡು ಸರದಿಯಲ್ಲಿ ಬರುತ್ತವೆ. ಹೂವು ಬದಲಾದರೆ ಅಥವಾ ಕಟ್ಟುವ ಕ್ರಮ ಬದಲಾದರೆ ಮಾಲೆ ಬೇರೆ. ಹಾಗೆಯೇ ಕವಚ ಬೇರೆ, ಬಗೆ ಬೇರೆ. ಇಂದು ನ್ಯುಮೋಕಾಕಸ್ಸಿನಲ್ಲಿ ಸುಮಾರು ನೂರು ಬಗೆಗಳು ಗೊತ್ತಾಗಿವೆ.

ಈ ಮಾಲೆಯನ್ನು ಬ್ಯಾಕ್ಟೀರಿಯಾ ಹೇಗೆ ಕಟ್ಟುತ್ತದೆ ಎಂಬುದು ಏವರಿಯ ನಂತರ ತಿಳಿದು ಬಂದದ್ದು. ಆದರೂ ಮುಂದಿನ ಕಥೆಗೆ ಬೇಕಾದ್ದರಿಂದ ಇಲ್ಲೇ ಹೇಳುತ್ತೇನೆ. ಬಿಡಿ ಸಕ್ಕರೆ ಕಣ ತಾನಾಗಿ ಇನ್ನೊಂದಕ್ಕೆ ಅಂಟಿಕೊಳ್ಳುವುದಿಲ್ಲ. ಜೀವಕೋಶ ಮೊದಲು ಪ್ರತಿ ಕಣಕ್ಕೂ ಯುಡಿಪಿ ಎಂಬ ಒಂದು ಹಿಡಿಕೆ ಜೋಡಿಸುತ್ತದೆ. ಸಕ್ಕರೆಗೆ ಹೀಗೆ ಹಿಡಿಕೆ ಹಚ್ಚುವ ಗುಟ್ಟನ್ನು ಅರ್ಜೆಂಟೀನಾದ ಲೂಯಿಸ್ ಲೆಲೋಯಿರ್ ಕಂಡುಹಿಡಿದು, 1970ರಲ್ಲಿ ನೊಬೆಲ್ ಬಹುಮಾನ ಪಡೆದರು. ಮೂರನೇ ಬಗೆಯ ನ್ಯುಮೋಕಾಕಸ್‌ನಲ್ಲಿ ಒಂದು ಕಿಣ್ವ ಹಿಡಿಕೆಯಿರುವ ಗ್ಲೂಕೋಸನ್ನು ಗ್ಲುಕುರಾನಿಕ್ ಆಮ್ಲವಾಗಿ ಬದಲಿಸುತ್ತದೆ. ಕೋಶದ ಪೊರೆಯಲ್ಲಿ ಕುಳಿತ ಇನ್ನೊಂದು ಕಿಣ್ವ ಎರಡನ್ನೂ ಸರದಿಯಂತೆ ಕಟ್ಟುತ್ತ, ಕಟ್ಟಿದ ಎಳೆಯನ್ನು ಹೊರಗೆ ನೂಕುತ್ತದೆ. ಉಳಿದ ಹೆಚ್ಚಿನ ಬಗೆಗಳದು ಇನ್ನೊಂದು ಕ್ರಮ. ಅವು ಪೊರೆಯ ಒಳಬದಿಯಲ್ಲಿ ಕೊಬ್ಬಿನಂಥ ಒಂದು ಕಣದ ಮೇಲೆ ನಾಲ್ಕಾರು ಸಕ್ಕರೆಗಳ ಚಿಕ್ಕ ತುಂಡನ್ನು ಕಟ್ಟಿ, ಆ ತುಂಡನ್ನು ಪೊರೆಯ ಹೊರಬದಿಗೆ ಮಗುಚಿ, ಅಲ್ಲಿ ತುಂಡಿಗೆ ತುಂಡು ಸೇರಿಸಿ ಉದ್ದ ಮಾಡಿ, ಕೊನೆಗೆ ಕೋಶದ ಗೋಡೆಗೆ ಬಿಗಿಯುತ್ತವೆ. ಪ್ರತಿ ಹಂತಕ್ಕೂ ಒಂದೊಂದು ಕಿಣ್ವ ಬೇಕು. ಆ ಕಿಣ್ವಗಳನ್ನು ಮಾಡುವ ಸೂಚನೆ ಎಲ್ಲಿದೆ ಎಂಬುದೇ ಏವರಿಯ ಮುಂದೆ ಬಂದು ನಿಂತ ಪ್ರಶ್ನೆ.

ಅದಕ್ಕೆ ಮುಂಚೆ ಇನ್ನೆರಡು ಸಂಗತಿ ನಡೆದವು. ಸಕ್ಕರೆಯೊಂದನ್ನೇ ಪ್ರಾಣಿಗಳಿಗೆ ಚುಚ್ಚಿದರೆ ಕೆಲವು ಸಲ ದೇಹ ಅದನ್ನು ಗಮನಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಏವರಿ ಮತ್ತು ವಾಲ್ಟರ್ ಗೋಬೆಲ್ ಸೇರಿ 1930ರ ಆಸುಪಾಸಿನಲ್ಲಿ ಕವಚದ ಸಕ್ಕರೆಯನ್ನು ಒಂದು ಪ್ರೊಟೀನಿಗೆ ಗಂಟು ಹಾಕಿ ಮೊಲಗಳಿಗೆ ಕೊಟ್ಟರು. ಆಗ ದೇಹ ಎಚ್ಚೆತ್ತು ಆ ಸಕ್ಕರೆಯ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸಿತು. ಅದೇ ಕಾಲದಲ್ಲಿ ರೆನೆ ಡ್ಯೂಬೋಸ್ ಎಂಬ ಯುವಕ, ನ್ಯೂಜೆರ್ಸಿಯ ಜವುಗು ಹೊಲದ ಮಣ್ಣಿನಿಂದ ಮೂರನೇ ಬಗೆಯ ಕವಚವನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಹುಡುಕಿ, ಅದರ ಕಿಣ್ವವನ್ನು ಬೇರ್ಪಡಿಸಿದ. ಅದನ್ನು ಕೊಟ್ಟಾಗ ಸಾಯಬೇಕಾದ ಇಲಿಗಳು ಬದುಕಿದವು. ಸಲ್ಫಾ ಮಾತ್ರೆಗಳೂ ಪೆನಿಸಿಲಿನ್ನೂ ಬಂದದ್ದರಿಂದ ಆ ಕಿಣ್ವ ರೋಗಿಗಳವರೆಗೆ ತಲುಪಲಿಲ್ಲ. ಆದರೆ ಅದು ಬೇರೊಂದು ಕೆಲಸಕ್ಕೆ ಒದಗಿ ಬಂತು.

1928ರಲ್ಲಿ ಲಂಡನ್ನಿನ ವೈದ್ಯ ಫ್ರೆಡರಿಕ್ ಗ್ರಿಫಿತ್ ಒಂದು ವಿಚಿತ್ರ ಪ್ರಯೋಗ ಪ್ರಕಟಿಸಿದರು. ಕವಚವಿಲ್ಲದ ಜೀವಂತ ನ್ಯುಮೋಕಾಕಸ್ ಮತ್ತು ಕವಚವಿದ್ದೂ ಕಾಯಿಸಿ ಕೊಂದ ನ್ಯುಮೋಕಾಕಸ್, ಇವೆರಡನ್ನೂ ಬೆರೆಸಿ ಇಲಿಗೆ ಚುಚ್ಚಿದರು. ಬೇರೆ ಬೇರೆಯಾಗಿ ಕೊಟ್ಟರೆ ಎರಡೂ ನಿರಪಾಯ. ಆದರೆ ಬೆರೆಸಿ ಕೊಟ್ಟಾಗ ಇಲಿಗಳು ಸತ್ತವು. ಅವುಗಳ ರಕ್ತದಲ್ಲಿ ಕವಚ ಹೊದ್ದ ಜೀವಂತ ರೋಗಾಣುಗಳು ಸಿಕ್ಕವು. ಆ ಕವಚ ಸತ್ತವರ ಬಗೆಯದು! ಅದರ ಮರಿಗಳೂ ಮೊಮ್ಮರಿಗಳೂ ಅದೇ ಕವಚವನ್ನು ನೇಯುತ್ತ ಹೋದವು. ಸತ್ತ ರೋಗಾಣುವಿನಿಂದ ಬದುಕಿರುವುದಕ್ಕೆ ಏನೋ ಒಂದು ಸಾಗಿತ್ತು.

ಏವರಿ ಮೊದಲು ಇದನ್ನು ನಂಬಲಿಲ್ಲ. ಬಗೆಗಳು ಬದಲಾಗುವುದಿಲ್ಲ ಎಂದೇ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದರು. ಆದರೆ ಅವರದೇ ಪ್ರಯೋಗಾಲಯದ ಡಾಸನ್ ಅದನ್ನು ಮಾಡಿ ನೋಡಿ ನಿಜ ಎಂದು ತೋರಿಸಿದಾಗ ತಮ್ಮ ನಂಬಿಕೆಯನ್ನು ಬದಿಗಿಟ್ಟರು. ಆಮೇಲೆ ಅಲೊವೇ ಎಂಬುವರು ಇಲಿಯೂ ಬೇಡ, ಸತ್ತ ಬ್ಯಾಕ್ಟೀರಿಯಾವೂ ಬೇಡ, ಅದರ ಸೋಸಿದ ರಸ ಸಾಕು ಎಂದು ತೋರಿಸಿದರು. ಆ ರಸದಲ್ಲಿ ಕೆಲಸ ಮಾಡುವ ವಸ್ತು ಯಾವುದು ಎಂದು ಹುಡುಕಲು ಏವರಿ, ಕಾಲಿನ್ ಮೆಕ್ಲಿಯೋಡ್, ಆಮೇಲೆ 1941ರಲ್ಲಿ ಬಂದ ಮ್ಯಾಕ್ಲಿನ್ ಮೆಕಾರ್ಟಿ ಕುಳಿತರು. ನಡುವೆ ಏವರಿಗೆ ಥೈರಾಯ್ಡ್ ಗ್ರಂಥಿಯ ಕಾಯಿಲೆ ಬಂದು ಶಸ್ತ್ರಚಿಕಿತ್ಸೆಯಾಗಿ, ಕೆಲಸ ಕೆಲ ಕಾಲ ಹಿಂದೆ ಬಿದ್ದಿತ್ತು.

ರೋಗಾಣುಗಳನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಬೆಳೆಸಬೇಕಿತ್ತು. ಸಾರಿನಿಂದ ಅವುಗಳನ್ನು ಬೇರ್ಪಡಿಸಲು ಅವರು ಬಳಸಿದ್ದು ಡೇರಿಗಳಲ್ಲಿ ಹಾಲಿನ ಕೆನೆ ತೆಗೆಯುವ ಯಂತ್ರ. ಯಂತ್ರದಿಂದ ರೋಗಾಣು ತುಂತುರಾಗಿ ಗಾಳಿಗೆ ಹಾರಬಾರದೆಂದು ಅದಕ್ಕೊಂದು ಮುಚ್ಚಿದ ಗೂಡು ಮಾಡಿದರು. 75 ಲೀಟರ್ ಸಾರಿನಿಂದ ಕೊನೆಗೆ ಸಿಗುತ್ತಿದ್ದ ಶುದ್ಧ ವಸ್ತು 10ರಿಂದ 25 ಮಿಲಿಗ್ರಾಂ. ಆಲ್ಕೋಹಾಲ್ ಹಾಕಿ ಕಲಕಿದರೆ ಅದು ಬಿಳಿ ಎಳೆಗಳಾಗಿ ಗಾಜಿನ ಕಡ್ಡಿಗೆ ನೂಲಿನಂತೆ ಸುತ್ತಿಕೊಳ್ಳುತ್ತಿತ್ತು. ಅರವತ್ತು ಕೋಟಿ ಪಾಲಿನಲ್ಲಿ ಒಂದು ಪಾಲಿದ್ದರೂ ಅದು ಕೆಲಸ ಮಾಡುತ್ತಿತ್ತು.

ಇನ್ನು ಅದು ಏನಲ್ಲ ಎಂದು ಒಂದೊಂದಾಗಿ ತಳ್ಳಿಹಾಕಬೇಕು. ಪ್ರೊಟೀನನ್ನು ಒಡೆಯುವ ಕಿಣ್ವ ಹಾಕಿದರು, ಗುಣ ಉಳಿಯಿತು. ಆರ್‌ಎನ್‌ಎಯನ್ನು ಒಡೆಯುವ ಕಿಣ್ವ ಹಾಕಿದರು, ಉಳಿಯಿತು. ಕವಚದ ಸಕ್ಕರೆಯನ್ನೇ ಕರಗಿಸುವ ಡ್ಯೂಬೋಸರ ಕಿಣ್ವ ಹಾಕಿದರು, ಆಗಲೂ ಉಳಿಯಿತು. ಅಂದರೆ ಕವಚವನ್ನು ತರುತ್ತಿದ್ದುದು ಕವಚವಲ್ಲ. ಡಿಎನ್‌ಎಯನ್ನು ಒಡೆಯುವ ಕಿಣ್ವವಿದ್ದ ರಸ ಹಾಕಿದಾಗ ಮಾತ್ರ ಗುಣ ಮಾಯವಾಯಿತು. ನಾನು ದಿನವೂ ಮಾಡುವ ಕೆಲಸದಲ್ಲಿ ಪರದೆಯ ಮೇಲೆ ಕಾಣುವ ಚಿತ್ರ ಬೇರೆ, ಚಿತ್ರ ಮೂಡಿಸುವ ಪ್ರೋಗ್ರಾಂ ಬೇರೆ. ಚಿತ್ರ ಅಳಿಸಿದರೂ ಪ್ರೋಗ್ರಾಂ ಇದ್ದರೆ ಚಿತ್ರ ಮತ್ತೆ ಬರುತ್ತದೆ. ಸಕ್ಕರೆಯ ಕವಚ ಆ ಚಿತ್ರ. ಅದನ್ನು ಕಟ್ಟುವ ಕಿಣ್ವಗಳ ಪ್ರೋಗ್ರಾಂ ಡಿಎನ್‌ಎ. ಇಷ್ಟು ಸರಳವಾಗಿ ನಾವು ಈಗ ಹೇಳಬಲ್ಲೆವು. ಆಗ ಡಿಎನ್‌ಎ ಎಂದರೆ ಪೆದ್ದು ವಸ್ತು, ಒಂದೇ ರಾಗ ಹಾಡುವಂಥದ್ದು, ಜೀವದ ಗುಣಗಳನ್ನು ಹೊರುವ ಶಕ್ತಿ ಅದಕ್ಕಿಲ್ಲ ಎಂದೇ ಎಲ್ಲರ ಎಣಿಕೆ.

1944ರ ಫೆಬ್ರವರಿ 1ರಂದು ಮೂವರ ಪ್ರಬಂಧ ಪ್ರಕಟವಾಯಿತು. ಏವರಿಗೆ ಆಗ 66 ವರ್ಷ. ಲೆಕ್ಕದಲ್ಲಿ ಅವರು ಆಗಲೇ ನಿವೃತ್ತರು. ಪ್ರಬಂಧದಲ್ಲಿ ದೊಡ್ಡ ಘೋಷಣೆ ಇಲ್ಲ. ತಮ್ಮ ವಸ್ತುವಿನಲ್ಲಿ ಬೇರೇನೋ ಅತಿ ಸೂಕ್ಷ್ಮವಾಗಿ ಅಂಟಿಕೊಂಡಿರಲೂಬಹುದು ಎಂಬ ಅನುಮಾನವನ್ನು ಅವರೇ ಅದರಲ್ಲಿ ದಾಖಲಿಸಿದ್ದರು. ಅದೇ ಸಂಸ್ಥೆಯ ಆಲ್ಫ್ರೆಡ್ ಮಿರ್ಸ್ಕಿ ಆ ಅನುಮಾನವನ್ನೇ ಹಿಡಿದು, ಉಳಿದಿರುವ ಅಲ್ಪ ಪ್ರೊಟೀನೇ ಈ ಕೆಲಸ ಮಾಡಿರಬಹುದು ಎಂದು ವಾದಿಸುತ್ತಲೇ ಬಂದರು. ಏವರಿ ಜಗಳಕ್ಕೆ ಇಳಿಯಲಿಲ್ಲ. ಪ್ರಯೋಗವನ್ನು ಇನ್ನಷ್ಟು ಶುದ್ಧ ಮಾಡಿಸಿದರು. ಅತ್ತ ಅರ್ವಿನ್ ಚಾರ್ಗಾಫ್ ಅಂಥವರು ಈ ಪ್ರಬಂಧ ಓದಿಯೇ ತಮ್ಮ ಕೆಲಸವನ್ನು ಡಿಎನ್‌ಎ ಕಡೆ ತಿರುಗಿಸಿದರು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಅದರ ಎರಡೆಳೆಯ ಸುರುಳಿ ರೂಪವನ್ನು ಮುಂದಿಟ್ಟರು.

ಏವರಿಗೆ ನೊಬೆಲ್ ಬಹುಮಾನ ಬರಲಿಲ್ಲ. 1930ರ ದಶಕದಿಂದಲೇ ಸಕ್ಕರೆಯ ಕೆಲಸಕ್ಕಾಗಿ, ಆಮೇಲೆ ಡಿಎನ್‌ಎಗಾಗಿ ಅವರ ಹೆಸರು ಹಲವು ಬಾರಿ ಸೂಚಿತವಾಗಿತ್ತು. ಇನ್ನಷ್ಟು ಪುರಾವೆ ಬರಲಿ ಎಂದು ಸಮಿತಿ ಕಾಯಿತು. ಕಾಯುವಷ್ಟರಲ್ಲಿ ಅವರು ಹೋಗಿಬಿಟ್ಟರು. ಬ್ರಿಟನ್ನಿನ ರಾಯಲ್ ಸೊಸೈಟಿ 1945ರಲ್ಲಿ ಕೋಪ್ಲಿ ಪದಕ ಕೊಟ್ಟಿತು. ಅದನ್ನು ತೆಗೆದುಕೊಳ್ಳಲೂ ಅವರು ಲಂಡನ್ನಿಗೆ ಹೋಗಲಿಲ್ಲ. ಸಣ್ಣ ಮೈಕಟ್ಟಿನ, ಮೆಲುದನಿಯ, ಮದುವೆಯಾಗದ ಮನುಷ್ಯ. ಹೊಸದಾಗಿ ಬಂದ ಹುಡುಗರನ್ನು ಕೂರಿಸಿಕೊಂಡು ನ್ಯುಮೋಕಾಕಸ್ಸಿನ ಕಥೆಯನ್ನು ಸೊಗಸಾಗಿ ಹೇಳುವುದು ಅವರ ಪದ್ಧತಿ. ಅದು ಪ್ರತಿ ಸಲವೂ ಒಂದಕ್ಷರ ಹೆಚ್ಚು ಕಡಿಮೆಯಾಗದೆ ಬರುತ್ತಿದ್ದುದರಿಂದ ಹುಡುಗರು ಅದನ್ನು ಗ್ರಾಮಫೋನ್ ತಟ್ಟೆ ಎಂದು ತಮಾಷೆ ಮಾಡುತ್ತಿದ್ದರು. ಯಾರಿಗೂ ಇಂಥದೇ ಕೆಲಸ ಮಾಡು ಎಂದು ಅವರು ಹೇರುತ್ತಿರಲಿಲ್ಲ. 1948ರಲ್ಲಿ ತಮ್ಮ ರಾಯ್ ಇದ್ದ ನ್ಯಾಶ್‌ವಿಲ್ ಊರಿಗೆ ಹೋಗಿ ನೆಲೆಸಿ, 1955ರ ಫೆಬ್ರವರಿ 20ರಂದು ಅಲ್ಲೇ ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡರು. 1976ರಲ್ಲಿ ಅವರ ಜೀವನ ಚರಿತ್ರೆ ಬರೆದವರು ಮಣ್ಣಿನಲ್ಲಿ ಕಿಣ್ವ ಹುಡುಕಿದ ಅದೇ ಡ್ಯೂಬೋಸ್.

ಇಷ್ಟಕ್ಕೂ ಇದೆಲ್ಲ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ನಮಗೆ ಏಕೆ ಬೇಕು ಎಂದು ಓದುಗರು ಕೇಳಬಹುದು. ಪಕ್ಕೆ ಸೆಳೆತ ಬಂದ ಹಸುಗೂಸನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಓಡಿದ ತಾಯಂದಿರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಎರಡು ವರ್ಷದೊಳಗಿನ ಮಗುವಿನ ದೇಹ ಬರೀ ಸಕ್ಕರೆಯ ಕವಚವನ್ನು ಸರಿಯಾಗಿ ಗುರುತು ಹಿಡಿಯಲಾರದು. ರೋಗ ಹೆಚ್ಚು ಕಾಡುವುದೂ ಆ ವಯಸ್ಸಿನಲ್ಲೇ. ಅದಕ್ಕೆ ಪರಿಹಾರ ಏವರಿ ಮತ್ತು ಗೋಬೆಲ್ ಮೊಲಗಳಲ್ಲಿ ಮಾಡಿ ತೋರಿಸಿದ ಉಪಾಯವೇ. ಕವಚದ ಸಕ್ಕರೆಯನ್ನು ಪ್ರೊಟೀನಿಗೆ ಗಂಟು ಹಾಕಿ ಕೊಟ್ಟರೆ ಮಗುವಿನ ದೇಹವೂ ಎಚ್ಚೆತ್ತುಕೊಳ್ಳುತ್ತದೆ. ಈ ತತ್ವದ ಮೇಲೆ ಮಾಡಿದ ಪಿಸಿವಿ ಲಸಿಕೆ ಅಮೆರಿಕದಲ್ಲಿ 2000ದಲ್ಲಿ ಬಂತು. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸೇರಿ, 2021ರಲ್ಲಿ ಎಲ್ಲ ಕಡೆಗೂ ವಿಸ್ತರಿಸಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಹತ್ತು ಬಗೆಯ ಕವಚಗಳನ್ನು ಸೇರಿಸಿ ಇಂಥ ಲಸಿಕೆ ತಯಾರಿಸುತ್ತದೆ. ಟೈಫಾಯ್ಡ್ ರೋಗಾಣುವಿಗೂ ಸಕ್ಕರೆಯ ಕವಚವಿದೆ. ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿಯ ಟೈಫಾಯ್ಡ್ ಲಸಿಕೆಯೂ ಇದೇ ಉಪಾಯದ್ದು.

ಪಿಸಿವಿ ಚುಚ್ಚುಮದ್ದು ಮೂರು ಸಲ. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ. ಮೊದಲೆರಡು ಹಾಕಿಸಿದವರು ಮೂರನೆಯದನ್ನು ಮರೆಯುವ ಸಂಭವ ಹೆಚ್ಚು. ನಮ್ಮ ಭಾಗದ ಎಷ್ಟೋ ಕುಟುಂಬಗಳು ಮಳೆ ಕೈಕೊಟ್ಟ ವರ್ಷ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಕೂಸು ಕಟ್ಟಿಕೊಂಡು ಗುಳೆ ಹೋಗುತ್ತವೆ. ಒಂಬತ್ತನೇ ತಿಂಗಳು ಬರುವ ಹೊತ್ತಿಗೆ ಮಗು ಮಂಡ್ಯದ ಕಬ್ಬಿನ ಗದ್ದೆಯ ಬದಿಯಲ್ಲೋ ಬೆಂಗಳೂರಿನ ಶೆಡ್ಡಿನಲ್ಲೋ ಇರುತ್ತದೆ. ಹೋಗುವಾಗ ತಾಯಿ ಕಾರ್ಡನ್ನು ಬಟ್ಟೆಯ ಗಂಟಿನಲ್ಲಿ ಇಟ್ಟುಕೊಂಡು ಹೋದರೆ ಸಾಕು, ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಅದನ್ನು ಉಚಿತವಾಗಿ ಹಾಕುತ್ತಾರೆ. ಈ ಸಂಚಿಕೆ ಓದುವ ಅಣ್ಣ ಅಕ್ಕಂದಿರು ತಮ್ಮ ಓಣಿಯಲ್ಲಿ ಗುಳೆ ಹೊರಟ ಮನೆಗೆ ಈ ಒಂದು ಮಾತು ತಲುಪಿಸಲಿ. ನಮ್ಮ ವಿಜ್ಞಾನದ ಗುರುಗಳು ಬ್ಯಾಕ್ಟೀರಿಯಾ ಪಾಠಕ್ಕೆ ಬಂದಾಗ, ಅಂಗನವಾಡಿಯ ಆ ಸೂಜಿಯ ಹಿಂದೆ ಇರುವ ಸಕ್ಕರೆಯ ಮಾಲೆಯ ಕಥೆಯನ್ನು ಮಕ್ಕಳಿಗೆ ಹೇಳಲಿ. ಮನೆಯಲ್ಲಿರುವ ತಮ್ಮ ತಂಗಿಯರ ಕಾರ್ಡಿನಲ್ಲಿ ಮೂರನೇ ಪಿಸಿವಿಯ ತಾರೀಖು ಬರೆದಿದೆಯೇ ಎಂದು ನೋಡಿ ಬರಲು ಎಂಟನೇ ತರಗತಿಯ ಮಕ್ಕಳಿಗೆ ಮನೆಗೆಲಸ ಕೊಡಬಹುದು.